ಚಪ್ಪಲಿ ಮೆಟ್ಟಿ ಹೇಳುವ ಮಾತು

ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿದಾಗ ಬರುವ ವಾಸನೆಗೆ ಹೆಸರಿಲ್ಲ. ಒದ್ದೆ ಮಣ್ಣು, ಹಸಿರು ಸಿಪ್ಪೆ, ಸ್ವಲ್ಪ ಹೊಗೆ... ಹೀಗೆ ಬರೆಯುತ್ತ ಹೋದರೆ ಅದು ಬೇರೆ ಯಾವುದೋ ವಾಸನೆಯಾಗಿಬಿಡುತ್ತದೆ. ಇವತ್ತು ಸಂಜೆ ಜೇವರ್ಗಿಯ ಬಸ್ ನಿಲ್ದಾಣದ ಹೊರಗೆ ಇಜೇರಿ ಕಡೆಯ ಹೆಣ್ಣುಮಗಳೊಬ್ಬಳು ಗೋಣಿತಟ್ಟಿನ ಮೇಲೆ ಕಾಯಿ ಸುರಿದುಕೊಂಡು ಕುಳಿತಿದ್ದಳು. ಒಂದಿಷ್ಟು ತಂದು ಮನೆಯಲ್ಲಿ ಕುದಿಸಿದೆ. ಅವ್ವ ನನ್ನೆದುರು ನೆಲದ ಮೇಲೆ ಕುಳಿತು ಸುಲಿಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ತಟ್ಟೆಯಲ್ಲಿ ಎರಡು ಗುಂಪು. ಒಂದು ದೊಡ್ಡದು, ಎಲ್ಲ ಥರದ ಕಾಳು ಸೇರಿದ್ದು. ಇನ್ನೊಂದು ತಟ್ಟೆಯ ಅಂಚಿನಲ್ಲಿ, ಚಿಕ್ಕದು, ದಪ್ಪ ಕಾಳನ್ನಷ್ಟೇ ಆರಿಸಿಟ್ಟದ್ದು.

ಆ ಚಿಕ್ಕ ಗುಂಪು ಯಾರದೆಂದು ನನಗೆ ಗೊತ್ತು. ಅದು ನನ್ನದಲ್ಲ. ಎಂದೂ ನನ್ನದಾಗಿರಲಿಲ್ಲ.

ಅದು ಆಪಾಳದು. ಉರ್ದುವಿನಲ್ಲಿ ಅಕ್ಕ ಎಂದರ್ಥ, ನಾವೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದೆವು. ನಾವು ಆಳಂದದಲ್ಲಿದ್ದಾಗ ಎರಡು ಓಣಿ ಆಚೆ ಆಕೆಯ ಮನೆ. ಡಿಗ್ರಿ ಮುಗಿಸಿ, ಮದುವೆಗೆ ಗಂಡು ಹುಡುಕುವ ತನಕ ಸುಮ್ಮನೆ ಕೂರಲಾರದೆ, ಸಂಜೆ ಹೊತ್ತು ಪಡಸಾಲೆಯಲ್ಲಿ ಸುತ್ತಲಿನ ಹುಡುಗಿಯರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದಳು. ನಾನಾಗ ಹೈಸ್ಕೂಲಿನ ಕೊನೆಯ ತರಗತಿ. ಆಕೆ ನನಗಿಂತ ಹೆಚ್ಚೆಂದರೆ ಆರೇಳು ವರ್ಷ ದೊಡ್ಡವಳು. ಹಸಿರು ಓಢಣಿ ಹೊದೆಯುತ್ತಿದ್ದಳು ಎಂದು ಬರೆಯಹೊರಟಿದ್ದೆ. ಆದರೆ ಹಸಿರು ಓಢಣಿ ನನ್ನದು. ಆಕೆಯಂತೆ ಕಾಣಬೇಕೆಂದು ಹಟ ಮಾಡಿ ಕೊಂಡದ್ದು. ಹಾಗಾದರೆ ಆಕೆಯದೂ ಹಸಿರೇ ಇದ್ದಿರಬೇಕು. ಅಥವಾ ನಾನು ಕೊಂಡ ಮೇಲೆ, ಹೊಟ್ಟೆಕಿಚ್ಚನ್ನು ಸಮಾಧಾನ ಮಾಡಲು, ನನ್ನದನ್ನು ತೆಗೆದು ಆಕೆಗೆ ಹೊದಿಸಿದೆನೋ... ಇಷ್ಟು ವರ್ಷಗಳ ಮೇಲೆ ಇಬ್ಬರ ಬಟ್ಟೆಯೂ ಕಲಸಿಹೋಗಿದೆ.

ಈಗ ನಾನು ಜೇವರ್ಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮುಂದೆ ಮಾಡಲಿರುವುದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವುದು ಹೇಗೆಂಬ ಪಾಠ ಪ್ರತಿ ವರ್ಷ ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಒಂದು ಪಟ್ಟಿಯಿದೆ, ಬಿಟ್ಟ ಸ್ಥಳ ತುಂಬುವ ಅಭ್ಯಾಸವಿದೆ. ನಾನು ಪಟ್ಟಿಯನ್ನು ಓದಿಸಿ ಮುಗಿಸುತ್ತೇನೆ. ಆಪಾ ಕಲಿಸಿದಂತೆ ಕಲಿಸಲು ನನಗೆ ಮನಸ್ಸಾಗುವುದಿಲ್ಲ. ಅಷ್ಟನ್ನೂ ಆಕೆಗೆ ಯಾಕೆ ಬಿಟ್ಟುಕೊಡಬೇಕು?

ಆಕೆಯ ಪಡಸಾಲೆಯಲ್ಲಿ ಹಗ್ಗ ಹೆಣೆದ ಮಂಚ, ಒಂದು ಹೊರಸು ಇತ್ತು, ಬಾಗಿಲ ಹೊರಗೆ ನಮ್ಮ ಚಪ್ಪಲಿಗಳು. ಪಾಠವೆಲ್ಲ ಈ ಎರಡರ ನಡುವೆ ನಡೆಯುತ್ತಿತ್ತು. "ಹೊರಸಿನ ಮ್ಯಾಲೆ ಕುಂತು ಹೇಳೋ ಮಾತು ಬ್ಯಾರೆ, ಚಪ್ಪಲಿ ಮೆಟ್ಟಿ ಹೇಳೋ ಮಾತು ಬ್ಯಾರೆ. ಕುಂತಲ್ಲೇ ಈಗ ಮನಸಿಗೆ ಬಂತು ಅಂದ್ರ ವಿಲ್ ಅನ್ರಿ. ಮೊದಲೇ ಠರಾಯಿಸಿ ಚಪ್ಪಲಿ ಮೆಟ್ಟೀರಿ ಅಂದ್ರ ಗೋಯಿಂಗ್ ಟು." ಇಷ್ಟೇ ಆಕೆಯ ವ್ಯಾಕರಣ. ಅದಕ್ಕೇ ದಿನದ ಪಾಠ ಮುಗಿದ ಮೇಲೆ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ, ಹೊಸ್ತಿಲ ಹೊರಗೆ ನಿಂತು, ಒಳಗೆ ಮುಖ ಮಾಡಿ, ನಾಳೆಯೊಳಗೆ ಮಾಡಬೇಕೆಂದಿರುವ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಿ ಹೋಗಬೇಕು. ಮರುದಿನ ಬಂದ ಕೂಡಲೇ ಆಪಾ ಕೇಳುತ್ತಿದ್ದಳು, "ಆಯ್ತೇನು?" ಆಗಿದ್ದರೆ ಹೊರಡುವಾಗ ಹೊಸ ಮಾತು. ಆಗಿರದಿದ್ದರೆ ಹೊಸದು ಸಿಗುವುದಿಲ್ಲ. ಆಗುವ ತನಕ ಅದೇ ಹಳೆಯದನ್ನೇ ಹೇಳುತ್ತಿರಬೇಕು. ಸಾಕಾಯಿತು, ಈ ಮಾತು ಬೇಡ ಎನಿಸಿದರೆ ಚಪ್ಪಲಿ ಬಿಚ್ಚಿ ಒಳಗೆ ಬಂದು, ಹೊರಸಿನ ಮೇಲೆ ಕುಳಿತು, ಅದನ್ನೇ ವಿಲ್ ಹಾಕಿ ಹೇಳಿ ವಾಪಸು ತೆಗೆದುಕೊಳ್ಳಬೇಕು. ಎಲ್ಲರ ಎದುರು.

ನಮ್ಮ ಮನೆಯಲ್ಲಿ ನಾಳೆಗೆ ಇದ್ದದ್ದು ಒಂದೇ ಪದ, ನೋಡೂಣು. ಅಪ್ಪ ಅಡತಿ ಅಂಗಡಿಯಲ್ಲಿ, ಕಾಳಿನ ದಲ್ಲಾಳಿಯೊಬ್ಬನ ಬಳಿ, ಕೆಲಸ ಮಾಡುತ್ತಿದ್ದ. ತೊಗರಿಯ ದರ ನಾಳೆ ಏನಾಗುತ್ತದೆ ಎಂದು ಯಾರು ಕೇಳಿದರೂ ನೋಡೂಣು ಎಂದು ಹೇಳಿ ಹೇಳಿ ಅದೇ ಮಾತನ್ನು ಮನೆಗೂ ತಂದಿದ್ದ. ತವರಿಗೆ ಹೋಗಿಬರಲೇ ಎಂದು ಅವ್ವ ಕೇಳಿದರೆ ನೋಡೂಣು. ಅವ್ವನೂ ಕಲಿತಿದ್ದಳು. ಹೊಸ ಅಂಗಿ ಹೊಲಿಸವ್ವಾ ಎಂದರೆ ನನಗೂ ನೋಡೂಣು.

ಇನ್ನೊಂದು ಸಂಗತಿ. ಆಪಾ ನಾಳೆಯ ಮಾತು ಯಾವುದನ್ನೇ ಹೇಳಲಿ, ಕೊನೆಗೆ ಇನ್ಶಾ ಅಲ್ಲಾಹ್ ಎಂದು ಸೇರಿಸುತ್ತಿದ್ದಳು. ನಮ್ಮಲ್ಲಿ ವಿಭೂತಿಯ ಮನೆಯವರಿದ್ದರು, ಬುದ್ಧನ ಫೋಟೋ ಇದ್ದ ಮನೆಯವರಿದ್ದರು, ಆಕೆಯ ಓಣಿಯ ಹುಡುಗಿಯರೂ ಇದ್ದರು. ಎಲ್ಲರೂ ಅದನ್ನು ಇಂಗ್ಲಿಷ್ ವಾಕ್ಯದ ಬಾಲವೆಂದೇ ತಿಳಿದು ತಪ್ಪದೆ ಹಚ್ಚುತ್ತಿದ್ದೆವು. ನಾನು ನೌಕರಿಯ ಸಂದರ್ಶನಕ್ಕೆ ಹೋದಾಗ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ಚೆನ್ನಾಗಿ ಹೇಳಿದೆ, ಕೊನೆಗೆ ಬಾಲವೂ ಬಂತು. ಎದುರು ಕುಳಿತಿದ್ದ ಮೂವರೂ ಕುಂಕುಮವಿಟ್ಟ ನನ್ನ ಹಣೆಯನ್ನು ನೋಡಿ, ನನ್ನ ಅರ್ಜಿಯನ್ನು ನೋಡಿ, ಮತ್ತೆ ಹಣೆ ನೋಡಿದರು. ನೌಕರಿ ಸಿಕ್ಕಿತು. ಆದರೆ ಆ ದಿನ ಕೂಡ ಆ ಕುರ್ಚಿಯಲ್ಲಿ ನನ್ನ ಬದಲು ಆಕೆಯೇ ಕುಳಿತು ಎದ್ದುಬಂದಂತೆ ನನಗೆ ಸಿಟ್ಟು ಬಂದಿತ್ತು.

ಅವ್ವ ಆ ಮನೆಗೆ ಬಂದದ್ದು ನನ್ನ ಕಾರಣದಿಂದ. ಮುಚ್ಚಂಜೆಯಲ್ಲಿ ಹುಡುಗಿ ಒಬ್ಬಳೇ ಓಣಿ ದಾಟುವುದು ಬೇಡ, ನೀನು ಕೂಡ ಹೋಗುವುದಾದರೆ ಹೋಗಲಿ ಎಂದು ಅಪ್ಪ ಹೇಳಿದ್ದ. ಅವ್ವ ಸ್ಟೀಲ್ ಡಬ್ಬಿಯಲ್ಲಿ ಕುದಿಸಿದ ತೊಗರಿಕಾಯಿ ತುಂಬಿಕೊಂಡು ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ಸುಲಿಯುತ್ತ ಕೂರುತ್ತಿದ್ದಳು. ಕಾಯಿ ಇಲ್ಲದ ದಿನಗಳಲ್ಲಿ ಶೇಂಗಾ, ಅದೂ ಇಲ್ಲದಿದ್ದರೆ ಹರಿದ ಬಟ್ಟೆ ಮತ್ತು ಸೂಜಿ. ಒಂದು ದಿನ ಆಪಾ ಪಾಠ ನಿಲ್ಲಿಸಿ ಆಕೆಯ ಕಡೆ ತಿರುಗಿದಳು.

"ಮೌಶಿ, ನೀವ್ಯಾಕ ಸುಮ್ಮ ಕುಂತೀರಿ? ನೀವೂ ಕಲೀರಿ."

"ನನಗ್ಯಾಕ ಬೇ ಇಂಗ್ಲಿಷು? ನಾ ಯಾರ ಕೂಡ ಮಾತಾಡ್ಲಿ?"

"ನನ್ನ ಕೂಡ."

ಅವ್ವ ನಕ್ಕಳು. ನಮ್ಮ ಮನೆಯಲ್ಲಿ ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಆ ದಿನ ಎರಡೂ ಕೈಯಲ್ಲಿ ಕಾಯಿ ಇದ್ದವು. ಬಾಯಿ ಮುಚ್ಚಿಕೊಳ್ಳಲಿಲ್ಲ. ಅವ್ವನ ಒಂದು ದವಡೆಹಲ್ಲು ಇಲ್ಲವೆಂಬುದು ನನಗೆ ಗೊತ್ತಾದದ್ದು ಆಪಾಳ ಮನೆಯಲ್ಲಿ.

ಅಲ್ಲಿಂದ ಅವ್ವನೂ ಕಲಿತಳು. ಕಲಿತಳು ಎಂದರೆ ಎಷ್ಟು... ನನಗೆ ಸರಿಯಾಗಿ ಹೇಳಲಾಗುವುದಿಲ್ಲ. ನಮ್ಮ ಜೊತೆ ಬಾಯಿಬಿಟ್ಟು ಒಂದು ಅಕ್ಷರವನ್ನೂ ಹೇಳಲಿಲ್ಲ. ಆದರೆ ಸಂಜೆ ಹೊಸ್ತಿಲ ಮಾತಿನ ಹೊತ್ತಿಗೆ ಎಲ್ಲರಿಗಿಂತ ಕೊನೆಗೆ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದಳು. ಹುಡುಗಿಯರ ಮುಂದೆ ನಾಚಿಕೆಯಾಗುತ್ತದೆ ಎಂದಿದ್ದಕ್ಕೆ ಆಪಾ ರಿಯಾಯಿತಿ ಕೊಟ್ಟಿದ್ದಳು. ಕಿವಿ ಮುಂದೆ ಮಾಡುತ್ತಿದ್ದಳು. ಅವ್ವ ಆ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಆಪಾ ಕಣ್ಣು ಮುಚ್ಚಿ ಕೇಳಿ, ಸರಿ ಎಂಬಂತೆ ಅವ್ವನ ಮುಂಗೈ ಒತ್ತುತ್ತಿದ್ದಳು. ನಾನು ಕೆಳಗೆ ಓಣಿಯಲ್ಲಿ ನಿಂತು ನೋಡುತ್ತಿದ್ದೆ. ಅವ್ವ ನನ್ನ ಕಿವಿಗೆ ಅಷ್ಟು ಹತ್ತಿರ ಬಾಯಿ ತಂದದ್ದು ಎಣ್ಣೆ ಹಾಕುವಾಗ ಮಾತ್ರ.

ಮರುದಿನ ಆಪಾ ಕೇಳುತ್ತಿದ್ದಳು, "ಆಯ್ತೇನ್ರಿ ಮೌಶಿ?" ಅವ್ವ ತಲೆ ಅಲ್ಲಾಡಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಹೊರಡುವಾಗ ಮತ್ತೆ ಪಿಸುಮಾತು, ಅಷ್ಟೇ ಉದ್ದದ್ದು. ಹೊಸದು ತರ್ರಿ ಎಂದು ಆಪಾ ಆಕೆಗೆ ಒಮ್ಮೆಯೂ ಹೇಳಲಿಲ್ಲ. ಅದರಿಂದ ನಾನು ಲೆಕ್ಕ ಹಾಕಿದೆ. ಅವ್ವ ಏನೋ ಒಂದನ್ನು ಮಾಡಬೇಕೆಂದಿದ್ದಾಳೆ, ಅದು ಆಗುತ್ತಿಲ್ಲ, ಆದರೂ ಬಿಡುತ್ತಿಲ್ಲ. ಹೊರಸಿನ ಮೇಲೆ ಕುಳಿತು ವಾಪಸೂ ತೆಗೆದುಕೊಳ್ಳುತ್ತಿಲ್ಲ. ನನ್ನ ಮಾತುಗಳೋ, ನಾಳೆ ತಲೆ ತೊಳೆದುಕೊಳ್ಳುತ್ತೇನೆ, ನಾಳೆ ಪೆನ್ನಿಗೆ ಶಾಯಿ ತುಂಬುತ್ತೇನೆ. ಒಂದೇ ದಿನಕ್ಕೆ ತೀರಿಹೋಗುವಂಥವು.

ಆ ಮಾತು ಏನಿರಬಹುದೆಂದು ಯೋಚಿಸುವುದೇ ನನಗೆ ರೋಗವಾಯಿತು. ಅಪ್ಪನನ್ನು ಬಿಟ್ಟು ಹೋಗುವುದಿರಬಹುದು ಎಂದು ಹೆದರಿದೆ. ಸಮುದ್ರ ನೋಡುವುದಿರಬಹುದು ಎಂದುಕೊಂಡೆ, ಅದು ನಾನು ನೋಡಬೇಕೆಂದಿದ್ದದ್ದು. ಒಮ್ಮೆ ರೊಟ್ಟಿ ಬಡಿಯುತ್ತಿದ್ದಾಗ ಕೇಳಿಯೇಬಿಟ್ಟೆ. ಅವ್ವ ಕೈ ನಿಲ್ಲಿಸಲಿಲ್ಲ. "ಅಂಥಾದ್ದೇನಿಲ್ಲ ಬಿಡು," ಎಂದಳು. ಬಿಡಲಿಲ್ಲ ನಾನು. "ಇಂಗ್ಲಿಷಿನಾಗ ಹೇಳೀನಿ. ನಿನಗ ಕನ್ನಡದಾಗ ಹ್ಯಾಂಗ ಹೇಳ್ಲಿ?" ಇಂಗ್ಲಿಷಿನಾಗೇ ಹೇಳು ಎಂದೆ. ಒಲೆಯ ಕಡೆ ತಿರುಗಿಕೊಂಡಳು. ನನಗೂ ಇಂಗ್ಲಿಷ್ ಬರುತ್ತಿತ್ತು. ಆಪಾಳಷ್ಟು ಬರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಒಂದು ಸಂಜೆ, ಅವ್ವ ನನ್ನತ್ತ ತಿರುಗಿ ನೋಡಬೇಕೆಂದೇ, ಹೊಸ್ತಿಲಲ್ಲಿ ನಿಂತು ದಿಲ್ಲಿಗೆ ಹೋಗಿ ಓದುತ್ತೇನೆಂದು ಗಟ್ಟಿಯಾಗಿ ಹೇಳಿದೆ. ಗೋಯಿಂಗ್ ಟು ಹಾಕಿ, ಬಾಲ ಹಚ್ಚಿ. ಆಪಾ ನನ್ನ ಮುಖ ನೋಡಲಿಲ್ಲ.

"ಚಪ್ಪಲಿ ಮೆಟ್ಟೀಯೇನು ಬೇ? ಕಾಲ ನೋಡ್ಕೋ ಒಮ್ಮೆ."

ನೋಡಿಕೊಂಡೆ. ಅವಸರದಲ್ಲಿ ಬರಿಗಾಲಲ್ಲೇ ನಿಂತಿದ್ದೆ. ಹುಡುಗಿಯರೆಲ್ಲ ನಕ್ಕರು. ಅದು ನನಗೆ ನೆನಪಿಲ್ಲದಿದ್ದರೂ ನಡೆಯುತ್ತಿತ್ತು. ಗೋಡೆಗೆ ಒರಗಿ ಕುಳಿತಿದ್ದ ಅವ್ವನೂ ನಕ್ಕಳು, ಬಾಯಿ ಮುಚ್ಚಿಕೊಳ್ಳದೆ. ಆಪಾ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ದಿಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ, ಹೊರಸಿನ ಮೇಲೆ ಕೂತು ಹೇಳು ಎಂದಳು. ಕುಳಿತು ಹೇಳಿದೆ. ಅವ್ವ ತಟ್ಟೆಯ ಅಂಚಿನ ದಪ್ಪ ಕಾಳಿನ ಗುಂಪನ್ನು ಆಪಾಳ ಮುಂದೆ ಸರಿಸಿದಳು. ನಾನು ಕೈ ಹಾಕಿದೆ. ಮುಂಗೈ ಮೇಲೆ ಚಟ್ಟೆಂದು ಏಟು ಬಿತ್ತು. "ಅದು ಆಪಾಂದು." ಈ ಏಟು ಅದೇ ಸಂಜೆಯದೋ ಬೇರೆ ಸಂಜೆಯದೋ... ಬಹಳ ಸಲ ಬಿದ್ದಿದೆ. ಒಂದೇ ಸಂಜೆಗೆ ಎರಡು ನೋವು ಜೋಡಿಸಿಟ್ಟರೆ ಕತೆ ಚೆನ್ನಾಗಿರುತ್ತದೆಂದು ನನ್ನ ಕೈಯೇ ಜೋಡಿಸಿರಬಹುದು.

ಕೊನೆಯ ಸಂಜೆಯ ನೆನಪುಗಳು ನನ್ನ ಬಳಿ ಎರಡು ಇವೆ. ಮೊದಲನೆಯದರಲ್ಲಿ ನನ್ನ ಪರೀಕ್ಷೆ ಮುಗಿದಿದೆ, ನಾನು ಕಲಬುರಗಿಯ ಹಾಸ್ಟೆಲಿಗೆ ಹೊರಟಿದ್ದೇನೆ, ನಾಳೆಯಿಂದ ಪಾಠಕ್ಕೆ ಬರುವುದಿಲ್ಲ. ಅವ್ವ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಆಪಾ ಕಿವಿ ಕೊಟ್ಟಿದ್ದಾಳೆ, ಅವ್ವ ಬಹಳ ಹೊತ್ತು ಏನೂ ಹೇಳುವುದಿಲ್ಲ. ಎರಡನೆಯದರಲ್ಲಿ ಅವ್ವ ಅಲ್ಲಿ ಇಲ್ಲವೇ ಇಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದಾಳೆ, ನಾನೊಬ್ಬಳೇ ಹೋಗಿದ್ದೇನೆ, ಆಪಾ ನನ್ನ ಬೆನ್ನ ಹಿಂದಿನ ಓಣಿಯನ್ನೇ ನೋಡುತ್ತಿದ್ದಾಳೆ. ಒಂದನ್ನು ಹೊಡೆದುಹಾಕಬೇಕು. ಯಾವುದನ್ನು ಎಂದು ಗೊತ್ತಿಲ್ಲ. ಎರಡರಲ್ಲೂ ನನ್ನನ್ನು ಯಾರೂ ನೋಡುತ್ತಿಲ್ಲ ಎಂಬುದೊಂದೇ ಸಮನಾಗಿದೆ.

ನಾನು ಹಾಸ್ಟೆಲಿಗೆ ಹೋದ ಮೇಲೆ ಅವ್ವನಿಗೆ ಆ ಮನೆಗೆ ಹೋಗಲು ಕಾರಣ ಉಳಿಯಲಿಲ್ಲ. ಮಗಳೇ ಇಲ್ಲ, ನಿನಗೇನು ಕೆಲಸ ಅಲ್ಲಿ ಎಂದು ಅಪ್ಪ ಕೇಳಿದ್ದನಂತೆ. ಮುಂದಿನ ಬೇಸಿಗೆಯಲ್ಲಿ ಆಪಾ ಮದುವೆಯಾಗಿ ಅಫಜಲಪುರಕ್ಕೆ ಹೋದಳು. ನಿಜ ಹೇಳುತ್ತೇನೆ, ಸುದ್ದಿ ಕೇಳಿ ನನಗೆ ಹಗುರವಾಯಿತು. ಇನ್ನು ಅವ್ವ ನನ್ನವಳು ಎಂದುಕೊಂಡೆ. ರಜೆಗೆ ಬಂದಾಗ ಅವ್ವ ನನ್ನ ಜೊತೆ ಮಾತಾಡಿದಳು, ಉಣ್ಣು ಎಂದಳು, ಸೊರಗಿದ್ದೀ ಎಂದಳು. ಬಾಯಿಗೆ ಸೆರಗು ಮಾತ್ರ ಹಾಗೇ ಇತ್ತು.

ಅಪ್ಪ ತೀರಿದ ಮೇಲೆ ಅವ್ವ ಜೇವರ್ಗಿಗೆ ನನ್ನ ಮನೆಗೆ ಬಂದಳು. ಬಂದು ಬಹಳ ವರ್ಷಗಳಾದವು. ಹಿತ್ತಿಲಲ್ಲಿ ನುಗ್ಗೆ ಬೆಳೆಸಿದ್ದಾಳೆ, ಓಣಿಯವರ ಕೂಡ ಜಗಳವಿದೆ, ಟೀವಿ ಇದೆ. ಆಪಾಳ ಹೆಸರನ್ನು ಆಕೆಯೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಕಳೆದ ವಾರ ಆಳಂದದ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿ, ಬೇರೆ ಏನೋ ಮಾತಾಡುತ್ತ, ಆಪಾ ಹೋಗಿ ಎರಡು ತಿಂಗಳಾಯಿತಲ್ಲ, ಗೊತ್ತಿಲ್ಲೇನು ಎಂದಳು. ಮೂತ್ರಪಿಂಡದ ಕಾಯಿಲೆಯಂತೆ. ಅವ್ವನಿಗೆ ಹೇಳಿದೆ. ಆಕೆ ಟೀವಿ ಆರಿಸಿದಳು. "ಅಫಜಲಪುರಕ್ಕ ಬಸ್ ಎಷ್ಟೊತ್ತಿಗದ?" ಎಂದಳು. ನೋಡೂಣು ಎಂಬ ಪದ ನನ್ನ ಬಾಯಿಗೆ ಬಂದಿತ್ತು. ಆಡಲಿಲ್ಲ.

ಮೊನ್ನೆ ಹೋದೆವು. ಕಲಬುರಗಿಯಲ್ಲಿ ಬಸ್ ಬದಲಿಸಿ, ಗೊಬ್ಬೂರ ದಾಟಿ. ಎರಡೂ ಕಡೆ ತೊಗರಿ ಹೂವಾಗಿ ಕಾಯಿಯಾಗಿ ನಿಂತಿತ್ತು. ಅವ್ವ ಕಿಟಕಿಯ ಪಕ್ಕ ಕುಳಿತು, ಮಡಿಲಲ್ಲಿ ಖಾಲಿ ಕೈಗಳನ್ನು ಇಟ್ಟುಕೊಂಡಿದ್ದಳು. ಆಪಾಳ ಮನೆಗೆ ಆಕೆ ಖಾಲಿ ಕೈಯಲ್ಲಿ ಹೊರಟದ್ದು ಅದೇ ಮೊದಲಿರಬೇಕು.

ಬಾಗಿಲು ತೆರೆದವಳು ಆಪಾಳ ಮಗಳು. ಕಾಲೇಜು ಮುಗಿಸಿದ ವಯಸ್ಸು. ಅದೇ ಹಣೆ, ಅದೇ ಥರ ಮಾತಿನ ಮೊದಲೇ ಹುಬ್ಬು ಎತ್ತುವುದು. ಆಳಂದದವರು ಎಂದಷ್ಟೇ ಹೇಳಿದೆ, ಪೂರ್ತಿ ಮಾಡಲು ಬಿಡಲಿಲ್ಲ.

"ಡಬ್ಬಿ ಮೌಶಿ ಅಲ್ಲೇನ್ರಿ? ಬರ್ರಿ ನಾನಿ, ಒಳಗ ಬರ್ರಿ."

ಅವ್ವನಿಗೆ ಆ ಮನೆಯಲ್ಲಿ ಒಂದು ಹೆಸರಿತ್ತು. ನನಗಿರಲಿಲ್ಲ. ನಾನು ಅವ್ವನ ಮಗಳೆಂದು ಹೇಳಿಕೊಂಡ ಮೇಲೆ ಹುಡುಗಿ ನನಗೂ ಖಾಲಾ, ಅಂದರೆ ಚಿಕ್ಕಮ್ಮ, ಎಂದಳು, ಚಹಾ ತಂದಳು. ಅಮ್ಮಿ ತಮ್ಮನ್ನೂ ಹೊಸ್ತಿಲಲ್ಲಿ ನಿಲ್ಲಿಸದೆ ಹೊರಗೆ ಬಿಡುತ್ತಿರಲಿಲ್ಲ ಎಂದು ಹೇಳಿದಳು. ಕೊನೆಕೊನೆಗೆ ಆಸ್ಪತ್ರೆಗೆ ಹೋಗುವಾಗಲೂ ತಾನೇ ಚಪ್ಪಲಿ ಮೆಟ್ಟಿ ನಿಂತು, ವಾಪಸು ಬಂದು ಖಿಚಡಿ ಉಣ್ಣುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋಗುತ್ತಿದ್ದಳಂತೆ. ಅವ್ವ ಚಹಾದ ಬಟ್ಟಲನ್ನು ನೋಡುತ್ತ ಕೇಳುತ್ತಿದ್ದಳು. ಹುಡುಗಿ ಆಕೆಯ ಹತ್ತಿರ ನೆಲದ ಮೇಲೆ ಕುಳಿತುಕೊಂಡಳು.

"ಅಮ್ಮಿ ನಮಗ ನಿಮ್ಮದ ಮಿಸಾಲ್, ನಿಮ್ಮದ ಉದಾಹರಣೆ ಕೊಡ್ತಿದ್ರು ನಾನಿ. ಹೇಳಿದ್ದು ಒಂದ ದಿನಾನೂ ತಪ್ಪಿಸಲಿಲ್ಲ, ಆಕಿ ಒಬ್ಬಾಕಿನೇ ಅಂತ."

ನಾನು ತಡೆದೆ. ಅವ್ವನ ಮಾತು ಎಂದೂ ಆಗಲಿಲ್ಲವಲ್ಲ, ದಿನಾ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳಲ್ಲ ಎಂದೆ. ಇಬ್ಬರೂ ನನ್ನನ್ನು ನೋಡಿದರು. ಅವ್ವ ನಿಧಾನವಾಗಿ ತಲೆ ಅಲ್ಲಾಡಿಸಿದಳು, ಈ ಭುಜದಿಂದ ಆ ಭುಜಕ್ಕೆ, ನಮ್ಮ ಕಡೆಯವರೆಲ್ಲ ಹೌದು ಎನ್ನುವಾಗ ಅಲ್ಲಾಡಿಸುವಂತೆ. ನಾನೂ ಹಾಗೇ ಅಲ್ಲಾಡಿಸುತ್ತೇನೆ. ಪಡಸಾಲೆಯಲ್ಲಿ ದಿನಾ ಆ ತಲೆಯನ್ನು ಹೊಟ್ಟೆಕಿಚ್ಚಿನಲ್ಲಿ ನೋಡಿ, ಅದನ್ನು ಇಷ್ಟು ವರ್ಷ ಇಲ್ಲ ಎಂದು ಓದಿಕೊಂಡಿದ್ದೆ. ನನಗೆ ಬೇಕಾದದ್ದು ಅದೇ ಇತ್ತೇನೋ. ಆಗದೇ ಉಳಿದದ್ದು.

ಹೊರಡುವಾಗ ಅವ್ವ ಚಪ್ಪಲಿ ಮೆಟ್ಟಿದಳು. ಮೆಟ್ಟಿದವಳು ಮೆಟ್ಟಿಲಿಳಿಯಲಿಲ್ಲ. ಒಳಗೆ ಮುಖ ಮಾಡಿ ಹೊಸ್ತಿಲ ಹೊರಗೆ ನಿಂತಳು. ಹುಡುಗಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹತ್ತಿರ ಬಂದು ಕಿವಿ ಮುಂದೆ ಮಾಡಿದಳು. ಅವ್ವನಿಗೆ ಈಗ ಕಿವಿ ಮಂದ. ಪಿಸುಗುಡುತ್ತಿದ್ದೇನೆ ಎಂದುಕೊಂಡು ಹೇಳಿದ್ದು ಓಣಿಗೆಲ್ಲ ಕೇಳಿಸಿತು.

"ಐ ಆಮ್ ಗೋಯಿಂಗ್ ಟು ಕಮ್ ಹಿಯರ್ ಟುಮಾರೋ. ಇನ್ಶಾ ಅಲ್ಲಾಹ್."

ಅಷ್ಟೇ. ಸಮುದ್ರವಿಲ್ಲ, ತವರಿಲ್ಲ, ಯಾರನ್ನೂ ಬಿಟ್ಟು ಹೋಗುವುದಿಲ್ಲ. ನಾಳೆ ಇಲ್ಲಿಗೆ ಬರುತ್ತೇನೆ. ಪ್ರತಿ ಸಂಜೆ ಅದನ್ನೇ ಹೇಳಿ, ಪ್ರತಿ ಮರುದಿನ ಅಪ್ಪನ ನೋಡೂಣು ದಾಟಿ, ಡಬ್ಬಿ ತುಂಬಿ, ನನ್ನನ್ನು ನೆಪ ಮಾಡಿ, ಬಂದು ಕೂತು, ಆಯಿತು ಎಂದು ತಲೆ ಅಲ್ಲಾಡಿಸಿ, ಹೊರಡುವಾಗ ಮತ್ತೆ ಅದನ್ನೇ ಹೊಸದಾಗಿ ಹೇಳಿದ್ದಳು. ನಾನು ಈ ವಾಕ್ಯವನ್ನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಸಂಬಳಕ್ಕೆ.

ಹುಡುಗಿ ಅವ್ವನ ಮುಂಗೈ ಒತ್ತಿದಳು. ಆಕೆಯ ಅಮ್ಮಿ ಒತ್ತುತ್ತಿದ್ದ ಜಾಗವೇ ಅದು.

ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಲೆಕ್ಕ ಹಾಕುತ್ತಿದ್ದೆ. ಅವ್ವ ನನ್ನ ಮನೆಯಲ್ಲಿದ್ದಾಳೆ, ಎಲ್ಲಿಂದಲೂ ಬರಬೇಕಾಗಿಲ್ಲ. ಹಾಗಾಗಿ ನಾಳೆ ನಿನ್ನ ಕಡೆ ಬರುತ್ತೇನೆ ಎಂದು ನನಗೆ ಯಾವತ್ತೂ ಹೇಳಬೇಕಾಗಿಯೂ ಇಲ್ಲ. ಹತ್ತಿರವಿದ್ದದ್ದಕ್ಕೆ ಸಿಕ್ಕ ಬಹುಮಾನ ಇದು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಮರ್ಯಾದೆಯಲ್ಲ ಎನ್ನುತ್ತಾರೆ. ಬದುಕಿದ್ದಾಗಿನದಕ್ಕಿಂತ ಇದು ಗಟ್ಟಿ, ಏಕೆಂದರೆ ಇನ್ನು ಆಕೆಯನ್ನು ನಾನು ಹಿಂದೆ ಹಾಕುವಂತಿಲ್ಲ.

ಮರುದಿನ, ಅಂದರೆ ನಿನ್ನೆ, ನಾವು ಅಫಜಲಪುರಕ್ಕೆ ಹೋಗಲಿಲ್ಲ. ಹೋಗುವಂತಿರಲಿಲ್ಲ, ನನಗೆ ಶಾಲೆಯಿತ್ತು, ಅವ್ವನಿಗೆ ಮೊಣಕಾಲು ನೋವು. ಸಂಜೆ ಬಂದಾಗ ಆಕೆ ನುಗ್ಗೆಗಿಡದ ಕೆಳಗೆ ಕುಳಿತಿದ್ದಳು, ಕಾಲಲ್ಲಿ ಚಪ್ಪಲಿ ಇತ್ತು. ಯಾರಾದರೂ ಕೇಳಬೇಕಲ್ಲ ಎಂದು ನಾನೇ ಕೇಳಿದೆ, "ಆಯ್ತೇನವ್ವಾ?" ಆಪಾಳ ದನಿಯಲ್ಲಿ ಕೇಳಲು ನೋಡಿದೆ. ಬರಲಿಲ್ಲ. ಅವ್ವ ತಲೆ ಅಲ್ಲಾಡಿಸಿದಳು. ಅದು ಇಲ್ಲ ಎಂದೇ, ಈ ಸಲ ತಪ್ಪಾಗಿ ಓದಲು ಸಾಧ್ಯವಿರಲಿಲ್ಲ.

ಇವತ್ತು ಇದನ್ನು ಬರೆಯುತ್ತ ಕುಳಿತಿರುವಾಗಲೂ ತಟ್ಟೆ ನನ್ನ ಮುಂದೆಯೇ ಇದೆ. ಅವ್ವ ಸುಲಿಯುವುದನ್ನು ಮುಗಿಸಿ ಸಿಪ್ಪೆಯನ್ನು ಗುಡ್ಡೆ ಹಾಕಿದ್ದಾಳೆ. ಆ ವಾಸನೆ ಮನೆಯೆಲ್ಲ ತುಂಬಿದೆ. ದಪ್ಪ ಕಾಳಿನ ಚಿಕ್ಕ ಗುಂಪು ಅಂಚಿನಲ್ಲಿ ಹಾಗೇ ಇತ್ತು. ನಾನು ಅದಕ್ಕೆ ಕೈ ಹಾಕಿದೆ. ಬೇಕೆಂದೇ ಹಾಕಿದೆ, ಬಹಳ ನಿಧಾನವಾಗಿ, ಆಕೆಗೆ ಕಾಣುವಂತೆ. ಮುಂಗೈ ಮೇಲೆ ಬೀಳಬೇಕಾದ ಏಟಿಗೆ ಕಾಯ್ದೆ.

ಅವ್ವ ಹೊಡೆಯಲಿಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿದಳು.